ಸೀರೆಯೊಳಗಿನ ಪಂಜರ: ಮರದ ದೇವತಾಮೂರ್ತಿಗಳ ಜಾಡಿನಲ್ಲಿ ಕಲಾಗೊಂಬೆ ಮಾಡುವ ಬಗೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಡಪಾನದ ಮೇಲೆ ಅಡ್ಡಕಡ್ಡಿ ಕಟ್ಟಿ, ಸೀರೆಯ ನೆರಿಗೆ ಹಿಡಿದು, ಮೇಲೆ ಬೆಳ್ಳಿಯ ಮುಖ ಕೂರಿಸಿ ಗೊತ್ತಿರುವವರಿಗೆ ಈ ಗೊಂಬೆಯ ಅರ್ಧ ಗುಟ್ಟು ಆಗಲೇ ಗೊತ್ತಿದೆ. ಕಣ್ಣಿಗೆ ಬೀಳುವುದು ಮುಖ ಮತ್ತು ಎರಡು ಕೈ. ಉಳಿದದ್ದೆಲ್ಲ ಬಟ್ಟೆ. ಬಟ್ಟೆಯೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ಆದರೆ ಗೊಂಬೆ ನೆಟ್ಟಗೆ ನಿಲ್ಲುವುದು, ವಾಲುವುದು, ಹತ್ತು ವರ್ಷ ಬಾಳುವುದು, ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುವುದು, ಎಲ್ಲವೂ ತೀರ್ಮಾನವಾಗುವುದು ಆ ಕಾಣದ ಭಾಗದಲ್ಲೇ. ಹೊಸದಾಗಿ ಕಲಿಯುವವರು ಮುಖಕ್ಕೆ ವಾರಗಟ್ಟಲೆ ಕೂತು, ಒಳಗಿನ ಚೌಕಟ್ಟನ್ನು ಒಂದು ಸಂಜೆಯಲ್ಲಿ ಮುಗಿಸಿಬಿಡುತ್ತಾರೆ. ಕ್ರಮ ತಿರುವುಮುರುವಾಗಬೇಕು.

ಈ ಬಗೆಯ ಮೂರ್ತಿಗಳಿಗೆ ದೊಡ್ಡ ಪರಂಪರೆ ಇರುವುದು ಸ್ಪೇನ್, ಪೋರ್ಚುಗಲ್, ಲ್ಯಾಟಿನ್ ಅಮೆರಿಕ ಮತ್ತು ಫಿಲಿಪೈನ್ಸ್‌ನ ಕ್ಯಾಥೊಲಿಕ್ ಚರ್ಚುಗಳಲ್ಲಿ. ಅಲ್ಲಿ ಸಂತರ ಮರದ ಪ್ರತಿಮೆಗಳಿಗೆ ಸಾಂತೋಸ್ ಎನ್ನುತ್ತಾರೆ. ಅದರಲ್ಲಿ ಪೂರ್ತಿ ಕೆತ್ತಿದವು ಒಂದು ಬಗೆ. ಉಡುಪು ತೊಡಿಸಲೆಂದೇ ಮಾಡಿದವು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ತಲೆ, ಕೈ, ಎದೆಯಷ್ಟನ್ನು ಕೆತ್ತಿ, ಸೊಂಟದಿಂದ ಕೆಳಗೆ ಮರದ ಪಟ್ಟಿಗಳನ್ನು ಗಂಟೆಯ ಆಕಾರದಲ್ಲಿ ನಿಲ್ಲಿಸುತ್ತಾರೆ. ಈ ಪಂಜರಕ್ಕೆ ಬಸ್ತಿದೋರ್ ಎಂದು ಹೆಸರು. ಹೀಗೆ ಮಾಡಿದರೆ ಮೆರವಣಿಗೆಯಲ್ಲಿ ಹೊರಲು ಹಗುರ, ಒಳ್ಳೆಯ ಮರ ಉಳಿಯುತ್ತದೆ, ಹಬ್ಬಕ್ಕೊಂದು ಉಡುಪು ಬದಲಿಸಬಹುದು. ಮುಖಕ್ಕೆ ಗಾಜಿನ ಕಣ್ಣು ಕೂರಿಸಬೇಕಾದರೆ ಕೆತ್ತಿದ ತಲೆಯ ಮುಂಭಾಗವನ್ನು ಸೀಳಿ ತೆಗೆದು, ಒಳಗಿನಿಂದ ಕಣ್ಣಿಟ್ಟು, ಮತ್ತೆ ಅಂಟಿಸುತ್ತಿದ್ದರು. ಆಮೇಲೆ ಅಂಟು ಬೆರೆಸಿದ ಬಿಳಿಪುಡಿಯ ಹಲವು ಲೇಪ, ಅದರ ಮೇಲೆ ಮೈಬಣ್ಣ. ಪೋರ್ಚುಗೀಸರ ಮೂಲಕ ಈ ಕಲೆ ಗೋವೆಗೂ ಬಂತು. ಹಳೇ ಗೋವಾದ ಕ್ರೈಸ್ತ ಕಲಾ ವಸ್ತುಸಂಗ್ರಹಾಲಯದಲ್ಲಿ ಅಲ್ಲಿನ ಶಿಲ್ಪಿಗಳು ಮರ ಮತ್ತು ದಂತದಲ್ಲಿ ಕೆತ್ತಿದ ಮೂರ್ತಿಗಳನ್ನು ಹತ್ತಿರದಿಂದ ನೋಡಬಹುದು. ಇಂದಿನ ಕಲಾಗೊಂಬೆಕಾರರು ಹಲವರು ಉಡುಪನ್ನು ಅರ್ಧ ಬಿಟ್ಟು ಪಂಜರವನ್ನು ತೋರಿಸುತ್ತಾರೆ.

ನಮ್ಮ ಕಡೆಯೂ ಮರದ ದೇವತೆಗಳಿಗೆ ಕೊರತೆಯಿಲ್ಲ. ಶಿರಸಿಯ ಮಾರಿಕಾಂಬೆ ಏಳಡಿಗೂ ಮೀರಿದ ಮರದ ಮೂರ್ತಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದ್ಯಾಮವ್ವನೂ ಮರದವಳೇ, ಜಾತ್ರೆಗೆ ಮುಂಚೆ ಹೊಸ ಬಣ್ಣ ಹಚ್ಚಿಸಿಕೊಳ್ಳುತ್ತಾಳೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೇಲೆ ನಾರುಬಟ್ಟೆಯ ಚೂರು, ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟ ಮೆತ್ತಿ, ಬಿಳಿ ಲೇಪ ಕೊಟ್ಟು, ಬಣ್ಣ ಹಚ್ಚುತ್ತಾರೆ. ಸ್ಪೇನಿನವರದ್ದೂ ಕಿನ್ನಾಳದವರದ್ದೂ ಒಂದೇ ತರ್ಕ: ಗಟ್ಟಿ ಒಡಲು, ಅದರ ಮೇಲೆ ಬಿಳಿ ನೆಲ, ಆ ನೆಲದ ಮೇಲೆ ಬಣ್ಣ. ಆದ್ದರಿಂದ ಇಲ್ಲಿ ಹೇಳುವ ಗೊಂಬೆಗೆ ಪಂಜರ ಬಸ್ತಿದೋರಿನದು, ಮೈ ಕಿನ್ನಾಳದ ದಾರಿಯದು, ಮುಖದ ಕಳೆ ಬಯಲುಸೀಮೆಯ ಅಮ್ಮನದು. ಬೇಕಾದ ಸಾಮಾನೆಲ್ಲ ದಾವಣಗೆರೆ, ಚಿತ್ರದುರ್ಗದ ಪೇಟೆಗಳಲ್ಲೇ ಸಿಗುತ್ತದೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಬೇಕು. ಇದು ಗೊಂಬೆ, ಪೂಜೆಗೆ ಕೂರುವ ಮೂರ್ತಿ ಅಲ್ಲ. ದಾವಣಗೆರೆಯ ದುಗ್ಗಮ್ಮ, ಚಿತ್ರದುರ್ಗದ ಏಕನಾಥೇಶ್ವರಿ ಇಂದಿಗೂ ಜನ ಹರಕೆ ಹೊರುವ ದೇವತೆಗಳು. ಅವರ ರೂಪವನ್ನು ಆಯುಧ, ವಾಹನ ಸಮೇತ ಹಾಗೇ ನಕಲು ಮಾಡಿ ಷೋಕೇಸಿಗೆ ಇಡುವುದು ಭಕ್ತರಿಗೆ ನೋವು ಕೊಡುತ್ತದೆ, ಕಲೆಗೂ ಏನನ್ನೂ ಸೇರಿಸುವುದಿಲ್ಲ. ತೆಗೆದುಕೊಳ್ಳಬೇಕಾದದ್ದು ಶೈಲಿಯನ್ನು: ಅಗಲವಾದ ಕಣ್ಣು, ಎದುರಿಗೇ ನೋಡುವ ನಿಲುವು, ಅರಿಶಿನ-ಕೆಂಪಿನ ಬಣ್ಣ, ದೇಹಕ್ಕೆ ಹೋಲಿಸಿದರೆ ದೊಡ್ಡ ತಲೆ. ತ್ರಿಶೂಲ, ಖಡ್ಗ ಬಿಟ್ಟು ಕೈಗೆ ಜೋಳದ ತೆನೆ ಕೊಡಿ, ಹತ್ತಿಯ ಕಾಯಿ ಕೊಡಿ, ಹಕ್ಕಿ ಕೂರಿಸಿ. ಗರ್ಭಗುಡಿಯೊಳಗೆ ಅಳತೆ ತೆಗೆಯಲು, ಫೋಟೊ ಹೊಡೆಯಲು ಹೋಗಬೇಡಿ.

ಅಳತೆ ಮತ್ತು ಪಂಜರ

ಮೊದಲ ಗೊಂಬೆಗೆ 45 ಸೆಂಟಿಮೀಟರ್ ಎತ್ತರ ಸರಿ. ಇದಕ್ಕಿಂತ ಚಿಕ್ಕದಾದರೆ ಬೆರಳು ಮಾಡಲು ಕಷ್ಟ, ದೊಡ್ಡದಾದರೆ ಒಣಗಿಸುವುದು ಕಷ್ಟ. ಹಂಚಿಕೆ ಹೀಗೆ: ನೆಲದಿಂದ ಸೊಂಟಕ್ಕೆ 23, ಸೊಂಟದಿಂದ ಹೆಗಲ ಮೇಲಕ್ಕೆ 13, ಕತ್ತು ಒಂದೂವರೆ, ಗಲ್ಲದಿಂದ ನೆತ್ತಿಗೆ ಏಳೂವರೆ. ಅಂದರೆ ತಲೆ ಒಟ್ಟು ಎತ್ತರದ ಆರನೇ ಒಂದು ಪಾಲು. ಇನ್ನಷ್ಟು ಜಾನಪದ ಕಳೆ ಬೇಕೆಂದರೆ ತಲೆಯನ್ನು 9 ಸೆಂಟಿಮೀಟರಿಗೆ ಏರಿಸಿ, ಪಂಜರವನ್ನು ಅಷ್ಟೇ ಇಳಿಸಿ. ಏಳನೇ ಒಂದಕ್ಕಿಂತ ಚಿಕ್ಕ ತಲೆ ಇಟ್ಟರೆ ಗೊಂಬೆ ಬಟ್ಟೆ ಅಂಗಡಿಯ ಮಾದರಿಯಂತೆ ಕಾಣುತ್ತದೆ.

ಬುಡಕ್ಕೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್‌ನಲ್ಲಿ 18 ಸೆಂಟಿಮೀಟರ್ ಅಡ್ಡಳತೆಯ ಬಿಲ್ಲೆ, ಸೊಂಟಕ್ಕೆ 12 ಮಿಲಿಮೀಟರ್ ಪ್ಲೈವುಡ್‌ನಲ್ಲಿ 6 ಸೆಂಟಿಮೀಟರ್‌ನ ಬಿಲ್ಲೆ. ಎರಡರ ನಡುವೆ ತೂತು ಕೊರೆದು 12 ಮಿಲಿಮೀಟರ್ ದಪ್ಪದ ದುಂಡು ಮರದ ಕೋಲನ್ನು ನಿಲ್ಲಿಸಿ. ಕೋಲಿನ ಉದ್ದ 41 ಸೆಂಟಿಮೀಟರ್. ಬುಡದಿಂದ ಹೊರಟು, ಸೊಂಟ, ಎದೆ, ಕತ್ತು ದಾಟಿ ತಲೆಯೊಳಗೆ ಸುಮಾರು ಮೂರೂವರೆ ಸೆಂಟಿಮೀಟರ್ ಹೋಗುವ ಒಂದೇ ಕೋಲು ಇದು. ಸೊಂಟದಲ್ಲಿ ತುಂಡರಿಸಿ ಎರಡು ಕೋಲು ಸೇರಿಸಿದರೆ ಗೊಂಬೆ ಅಲ್ಲಿಯೇ ಮುರಿಯುತ್ತದೆ. ಹೆಗಲ ಮೇಲಂಚಿನಿಂದ 2 ಸೆಂಟಿಮೀಟರ್ ಕೆಳಗೆ 10 ಸೆಂಟಿಮೀಟರ್ ಉದ್ದದ ಅಡ್ಡಪಟ್ಟಿಯೊಂದನ್ನು ಸ್ಕ್ರೂ ಹಾಕಿ ಬಿಗಿಯಿರಿ, ತುದಿಗಳಲ್ಲಿ ಕೈ ತಂತಿಗೆ ತೂತು ಇರಲಿ.

ಪಂಜರಕ್ಕೆ ಬಿದಿರಿನ ದಬ್ಬೆ ಎಂಟು. ಮೇದಾರರ ಹತ್ತಿರ ಕೇಳಿದರೆ ಸೀಳಿಯೇ ಕೊಡುತ್ತಾರೆ: 8 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ, 26 ಸೆಂಟಿಮೀಟರ್ ಉದ್ದ. ತಂದ ಕೂಡಲೇ ಬಡಿಯಬಾರದು. ಬಿದಿರಿನಲ್ಲಿ ಪಿಷ್ಟ ಇರುವುದರಿಂದ ಹುಳ ಕೊರೆದು ಒಂದು ವರ್ಷದಲ್ಲಿ ಬುಡದಲ್ಲಿ ಹಳದಿ ಹಿಟ್ಟು ಸುರಿಯಲು ಶುರುವಾಗುತ್ತದೆ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬಿಳಿಗಾರ, 20 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ, ದಬ್ಬೆಗಳನ್ನು ಎರಡು ದಿನ ಮುಳುಗಿಸಿಡಿ. ನೆನೆದ ದಬ್ಬೆ ಬಾಗುವುದೂ ಸುಲಭ. ಹಸಿಯಿರುವಾಗಲೇ ನಡುವೆ ಸ್ವಲ್ಪ ಉಬ್ಬುವಂತೆ ಬಾಗಿಸಿ ಹುರಿ ಕಟ್ಟಿ ನೆರಳಲ್ಲಿ ಒಣಗಿಸಿ, ಆಮೇಲೆ ಎರಡು ಬಿಲ್ಲೆಗಳ ಅಂಚಿಗೆ ಸಮಾನ ದೂರದಲ್ಲಿ ಸಣ್ಣ ಸ್ಕ್ರೂ ಹಾಕಿ. ಮೊಳೆ ಬಡಿದರೆ ಬಿದಿರು ಸೀಳುತ್ತದೆ, ಸ್ಕ್ರೂಗೂ ಮೊದಲು ಸಣ್ಣ ತೂತು ಕೊರೆಯಲೇಬೇಕು. ಒಂದು ದಬ್ಬೆ ಹಾಕಿದ ಮೇಲೆ ಅದರ ಪಕ್ಕದ್ದನ್ನಲ್ಲ, ಎದುರಿನದನ್ನು ಹಾಕಿ. ಸಾಲಾಗಿ ಹಾಕುತ್ತ ಹೋದರೆ ದಬ್ಬೆಗಳ ಎಳೆತಕ್ಕೆ ಸೊಂಟದ ಬಿಲ್ಲೆ ತಿರುಚಿಕೊಳ್ಳುತ್ತದೆ. ನಡುವೆ ಒಂದು ಬಿದಿರಿನ ಬಳೆ ಕಟ್ಟಿದರೆ ಪಂಜರ ಗಟ್ಟಿಯಾಗುತ್ತದೆ.

ಮೈ ಮೆತ್ತುವುದು

ಅಂಟಿಗೆ ಕಾಲು ಕೆ.ಜಿ. ಹುಣಸೆಬೀಜ ಬೇಕು, ಸಿಪ್ಪೆ ಕಳೆದ ಮೇಲಿನ ತೂಕ. ಬೀಜವನ್ನು ಸಿಪ್ಪೆ ಬಿರಿಯುವವರೆಗೆ ಹುರಿದು, ಒಂದು ದಿನ ನೆನೆಹಾಕಿ, ಉಜ್ಜಿ ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ. ಒಂದೂಮುಕ್ಕಾಲು ಲೀಟರ್ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕುತ್ತ ಅರ್ಧ ಗಂಟೆ ಕಾಯಿಸಿದರೆ ರಾಗಿ ಅಂಬಲಿಯ ಹದ ಮೀರಿ ಗಟ್ಟಿ ಸರಿ ಆಗುತ್ತದೆ. ಸಿಪ್ಪೆ ಉಳಿದರೆ ಅಂಟು ಕಂದಾಗಿ, ಆ ಕಂದು ಮುಂದೆ ಬಿಳಿ ಲೇಪದಲ್ಲೂ ಇಣುಕುತ್ತದೆ. ಹುಳ, ಬೂಷ್ಟು ಹಿಡಿಯದಿರಲು ಕಾಲು ಚಮಚ ಮೈಲುತುತ್ತು ಸೇರಿಸಿ. ಅದು ವಿಷ. ಅಡುಗೆ ಪಾತ್ರೆ ಬಳಸಬೇಡಿ, ಕೈಗೆ ರಬ್ಬರ್ ಗ್ಲೌಸ್ ಹಾಕಿ, ಮಕ್ಕಳು ಇರುವ ಕಡೆ ಇಡಬೇಡಿ. ಇನ್ನೊಂದು ಮಾತು: ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಕೈಗೆ ಬೈಂಡಿಂಗ್ ವೈರ್ ಬಳಸಿದರೆ ತುಕ್ಕು ಹೊರಗೆ ಬಂದು ಬೆರಳ ಮೇಲೆ ಕೆಂಪು ಕಲೆ ಮೂಡುತ್ತದೆ. ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ತಾಮ್ರದ ತಂತಿ ತೂಕಕ್ಕೆ ಸಿಗುತ್ತದೆ, ತೋಳಿಗೆ 14 ಗೇಜ್, ಬೆರಳಿಗೆ 22 ಗೇಜ್ ತನ್ನಿ.

ಮುದ್ದೆಗೆ 100 ಗ್ರಾಂ ಹಳೆ ಪೇಪರನ್ನು ಹರಿದು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಎಳೆ ಬಿಡುವಂತೆ ಕುಟ್ಟಿ ಹಿಂಡಿ. ಅದಕ್ಕೆ ಜರಡಿ ಹಿಡಿದ ಮರದ ಹೊಟ್ಟು 50 ಗ್ರಾಂ, ಸೀಮೆಸುಣ್ಣದ ಪುಡಿ 50 ಗ್ರಾಂ ಸೇರಿಸಿ, ಅಂಟು ಹಾಕುತ್ತ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಬರೀ ಪೇಪರ್ ಆದರೆ ಒಣಗುವಾಗ ತುಂಬ ಕುಗ್ಗುತ್ತದೆ, ಹೊಟ್ಟು ಆ ಕುಗ್ಗುವಿಕೆಯನ್ನು ತಡೆಯುತ್ತದೆ. ಹೊಟ್ಟು ಜಾಸ್ತಿಯಾದರೆ ಮೇಲ್ಮೈ ಒರಟಾಗಿ ಪುಡಿಯಾಗಿ ಉದುರುತ್ತದೆ.

ಎದೆಗೆ ಕೋಲಿನ ಸುತ್ತ ಒಣ ಪೇಪರನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟಿ, ಮೇಲೆ ಮುದ್ದೆ ಮೆತ್ತಿ. ತಲೆಯನ್ನು ಕೋಲಿಗೆ ನೇರ ಮೆತ್ತಬಾರದು. ಕೋಲಿನ ತುದಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಂಟು ಹಚ್ಚಿದ ಪೇಪರನ್ನು ನಾಲ್ಕೈದು ಸುತ್ತು ಸುತ್ತಿ ಕೊಳವೆ ಮಾಡಿಕೊಂಡು, ಆ ಕೊಳವೆಯ ಸುತ್ತ ತಲೆ ಕಟ್ಟಿ. ಹೀಗಾದರೆ ತಲೆ ಕಳಚಿ ಕೈಯಲ್ಲಿ ಹಿಡಿದು ಬಣ್ಣ ಹಚ್ಚಬಹುದು, ಕೊನೆಗೆ ಮುಖವನ್ನು ಒಂದಿಷ್ಟು ಎಡಕ್ಕೋ ಬಲಕ್ಕೋ ತಿರುಗಿಸಿ ಕೂರಿಸಬಹುದು.

ಒಂದು ಸಲಕ್ಕೆ 5 ಮಿಲಿಮೀಟರಿಗಿಂತ ದಪ್ಪ ಮೆತ್ತಬೇಡಿ. ಮೂರು ಪದರ ಬೇಕಾದರೆ ಮೂರು ಸಲ ಮೆತ್ತಿ, ಪ್ರತಿಸಲ ಎರಡು-ಮೂರು ದಿನ ನೆರಳಲ್ಲಿ ಒಣಗಿಸಿ. ಚಿತ್ರದುರ್ಗದ ಮಾರ್ಚ್ ಬಿಸಿಲಿಗೆ ಇಟ್ಟರೆ ಎರಡು ಗಂಟೆಯಲ್ಲಿ ಹೊರಗಿನ ಪದರ ಕಲ್ಲಿನಂತಾಗಿ, ಒಳಗಿನ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದೆ ಒಳಗಿನದು ಕುಗ್ಗಿದಾಗ ಕೆನ್ನೆಯ ಮೇಲೆ ಬಿರುಕು ಬೀಳುತ್ತದೆ, ಇಲ್ಲವೇ ತಿಂಗಳ ನಂತರ ಬೂಷ್ಟಿನ ವಾಸನೆ ಬರುತ್ತದೆ. ಅಲ್ಲಿ ಗಾಳಿಯೂ ಜೋರು, ಕಿಟಕಿಯ ಪಕ್ಕ ಒಂದೇ ದಿಕ್ಕಿಗೆ ನಿಲ್ಲಿಸಿದರೆ ಗಾಳಿ ತಾಕಿದ ಬದಿ ಬೇಗ ಕುಗ್ಗಿ ಕತ್ತು ವಾಲುತ್ತದೆ. ದಿನಕ್ಕೆ ಮೂರ್ನಾಲ್ಕು ಸಲ ತಿರುಗಿಸಿ. ಒಣಗಿದೆಯೋ ಇಲ್ಲವೋ ತಿಳಿಯಲು ಬೆರಳು ಸಾಲದು, ತೂಕ ನೋಡಬೇಕು. ಸಂಜೆಯೂ ಮರುದಿನ ಸಂಜೆಯೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೇ ತೂಕ ಬಂದರೆ ಮುಂದಿನ ಪದರ ಮೆತ್ತಬಹುದು.

ಮೂಗು, ತುಟಿ, ಹುಬ್ಬು ಕೊನೆಯ ಪದರದಲ್ಲಿ ಬರಲಿ, ಬೇಕಾದ್ದಕ್ಕಿಂತ ಸ್ವಲ್ಪ ಉಬ್ಬಾಗಿಯೇ ಇರಲಿ. ಕಣ್ಣಿನ ಗೆರೆ ತಲೆಯ ಎತ್ತರದ ನಡುಮಧ್ಯ. ಕಣ್ಣನ್ನು ಹಣೆಯತ್ತ ಏರಿಸಿಬಿಡುವುದು ಹೊಸಬರೆಲ್ಲ ಮಾಡುವ ತಪ್ಪು, ಆಗ ನೆತ್ತಿಗೆ ಜಾಗವೇ ಉಳಿಯದೆ ಮುಖ ಚಪ್ಪಟೆಯಾಗುತ್ತದೆ. ನಿಜವಾದ ಮುಖದಲ್ಲಿ ಒಂದು ಕಣ್ಣಿನ ಅಗಲ ಮುಖದ ಅಗಲದ ಐದನೇ ಒಂದು ಪಾಲು, ಅಮ್ಮನ ಕಳೆಗೆ ನಾಲ್ಕನೇ ಒಂದು ಪಾಲು ಕೊಡಿ.

ಕೈ ಮಾಡುವುದು ಮುಖಕ್ಕಿಂತ ಕಷ್ಟ. ಮಣಿಕಟ್ಟಿನಿಂದ ಬೆರಳ ತುದಿಗೆ 5 ಸೆಂಟಿಮೀಟರ್. ಐದು ತೆಳು ತಂತಿಗಳನ್ನು ಮಣಿಕಟ್ಟಿನಲ್ಲಿ ಹೊಸೆದು ತೋಳಿನ ದಪ್ಪ ತಂತಿಗೆ ಕಟ್ಟಿ, ಪ್ರತಿ ತಂತಿಗೂ ಅಂಟಿನಲ್ಲಿ ಅದ್ದಿದ ಹತ್ತಿ ದಾರ ಸುತ್ತಿ. ಬರೀ ತಂತಿಯ ಮೇಲೆ ಮುದ್ದೆ ನಿಲ್ಲುವುದಿಲ್ಲ, ಜಾರುತ್ತದೆ. ಬೆರಳಿಗೆ ಬಟ್ಟೆಯಲ್ಲಿ ಸೋಸಿದ ನಯ ಹೊಟ್ಟಿನ ಮುದ್ದೆ ಬೇಕು. ಬೆರಳುಗಳು ಈಗ ಸರಿಯಾಗಿ ಕಂಡರೆ ಕೊನೆಗೆ ದಪ್ಪ ಆಗಿರುತ್ತವೆ, ಏಕೆಂದರೆ ಬಿಳಿ ಲೇಪ ಸುತ್ತಲೂ ಅರ್ಧ ಮಿಲಿಮೀಟರ್ ಸೇರಿಸುತ್ತದೆ. ಈ ಹಂತದಲ್ಲಿ ಕಡ್ಡಿಯಷ್ಟು ಬಡಕಲಾಗಿರಲಿ. ತೋಳು 14 ಸೆಂಟಿಮೀಟರ್, ಮುದ್ದೆ ಬೇಡ, ತಂತಿಯ ಸುತ್ತ ಬಟ್ಟೆಯ ಪಟ್ಟಿ ಸುತ್ತಿದರೆ ಸಾಕು. ರವಿಕೆ ತೊಡಿಸುವಾಗ ಬಾಗಿಸಲು ಬರಬೇಕಲ್ಲ.

ಬಿಳಿ ನೆಲ

ಈ ಕೆಲಸದಲ್ಲಿ ತಾಳ್ಮೆಯನ್ನು ಹೆಚ್ಚು ಬೇಡುವುದೂ, ಹೆಚ್ಚು ಫಲ ಕೊಡುವುದೂ ಈ ಲೇಪವೇ. ಯುರೋಪಿನವರು ಪ್ರಾಣಿಯ ಚರ್ಮದಿಂದ ತೆಗೆದ ಅಂಟನ್ನು ಬಳಸುತ್ತಿದ್ದರು. ಮನೆಯಲ್ಲಿ ಫೆವಿಕಾಲ್ ಒಂದು ಪಾಲು, ನೀರು ಮೂರು ಪಾಲು, ಸೋಸಿದ ಸೀಮೆಸುಣ್ಣದ ಪುಡಿ ಹಾಲಿನ ಕೆನೆಯ ಹದ ಬರುವಷ್ಟು ಸೇರಿಸಿದರೆ ಸಾಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡವೇ ಬೇಡ. ಅದು ಬಟ್ಟಲಲ್ಲೇ ಗಟ್ಟಿಯಾಗುತ್ತದೆ, ಹೊಡೆತಕ್ಕೆ ಚಕ್ಕೆ ಏಳುತ್ತದೆ. ಪುಡಿಯನ್ನು ನೀರಿಗೆ ನಿಧಾನ ಉದುರಿಸಿ, ಬೀಸಿ ಕಲಕದೆ ಒಂದು ಗಂಟೆ ಬಿಡಿ. ಜೋರಾಗಿ ಕಲಕಿದರೆ ಗುಳ್ಳೆ ಸೇರಿ, ಒಣಗಿದ ಮೇಲೆ ಸೂಜಿಮೊನೆಯಷ್ಟು ತೂತುಗಳು ಮುಖದ ತುಂಬ ಕಾಣುತ್ತವೆ.

ಮೊದಲ ಲೇಪ ತೀರ ತೆಳ್ಳಗಿರಲಿ, ಕುಂಚದಿಂದ ಹಚ್ಚಿ ಬೆರಳಿನಿಂದ ಉಜ್ಜಿ ರಂಧ್ರಕ್ಕೆ ಇಳಿಸಿ. ಆಮೇಲೆ ಐದು ಲೇಪ, ಒಂದು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಒಂದು ಲೇಪದ ಹೊಳಪು ಹೋಗಿ ಮಂಕಾದ ಕೂಡಲೇ ಇನ್ನೊಂದು ಹಚ್ಚಬಹುದು. ಇಲ್ಲಿ ಮೀರಬಾರದ ನಿಯಮ ಒಂದೇ: ಮೇಲಿನ ಲೇಪ ಕೆಳಗಿನದಕ್ಕಿಂತ ಬಲಶಾಲಿ ಆಗಬಾರದು. ಕಲಸಿದ್ದು ಮುಗಿಯಿತೆಂದು ಅಂಟು ಹೆಚ್ಚು ಹಾಕಿ ಹೊಸದು ಕಲಸಿದರೆ, ಮೇಲಿನ ಪದರ ಒಣಗುವಾಗ ಬಿಗಿದು ಕೆಳಗಿನದನ್ನು ಕಿತ್ತುಕೊಂಡು ಏಳುತ್ತದೆ. ಆರೂ ಲೇಪಕ್ಕೆ ಆಗುವಷ್ಟು ಒಮ್ಮೆಗೇ ಕಲಸಿಡಿ, ಒಣಗುತ್ತ ಬಂದರೆ ನೀರನ್ನಷ್ಟೇ ಸೇರಿಸಿ.

ಅಂಟಿನ ಹದ ಪರೀಕ್ಷಿಸುವುದು ಸುಲಭ. ಒಣಗಿದ ಮೇಲೆ ಬೆರಳಾಡಿಸಿದಾಗ ಬಿಳಿ ಪುಡಿ ಹತ್ತಿದರೆ ಅಂಟು ಕಡಿಮೆ. ಮೇಲ್ಮೈ ಹೊಳೆದು, ನೀರಿನ ಹನಿ ಹೀರದೆ ಮಣಿಯಂತೆ ನಿಂತರೆ ಅಂಟು ಹೆಚ್ಚು, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಹದವಾಗಿದ್ದರೆ 220, 320, 400 ನಂಬರಿನ ಎಮರಿ ಪೇಪರಿನಲ್ಲಿ ಕ್ರಮವಾಗಿ ಉಜ್ಜಿ. ಮೂಗಿನ ತುದಿ, ಗಲ್ಲ, ಬೆರಳ ಗೆಣ್ಣು ಇವುಗಳ ಲೇಪ ಬೇಗ ಸವೆದು ಮುದ್ದೆ ಕಾಣುತ್ತದೆ, ಅಲ್ಲಿ ಒತ್ತಬೇಡಿ. ಉಜ್ಜುವಾಗ ಮೂಗು-ಬಾಯಿಗೆ ಮಾಸ್ಕ್ ಇರಲಿ.

ಬಣ್ಣ, ಕಣ್ಣು, ಉಡುಪು

ಅಕ್ರಿಲಿಕ್ ಬಣ್ಣವನ್ನು ನೀರಾಗಿ ತೆಗೆದುಕೊಂಡು ನಾಲ್ಕೈದು ತೆಳು ಲೇಪದಲ್ಲಿ ಮುಖ ತುಂಬಿಸಿ. ಮೊದಲು ಕಾವಿ ಬೆರೆತ ಕೆಂಪು, ಅದರ ಮೇಲೆ ಅರಿಶಿನ ಹಳದಿ. ಕೆಳಗಿನ ಕೆಂಪು ಹಳದಿಯೊಳಗಿಂದ ಹೊಮ್ಮಿ ಜೀವ ಕೊಡುತ್ತದೆ, ಬರೀ ಹಳದಿ ಹಚ್ಚಿದರೆ ಮುಖ ಕಾಮಾಲೆಯಾದಂತೆ ಕಾಣುತ್ತದೆ. ಕಣ್ಣಿನ ಬಿಳಿಗೆ ಟ್ಯೂಬಿನ ಬಿಳಿಯನ್ನೇ ಹಚ್ಚಬೇಡಿ, ಸಾಸಿವೆ ಕಾಳಿನಷ್ಟು ಕಾವಿ ಸೇರಿಸಿ. ಗುಡ್ಡೆಯ ಮೇಲಿನ ಮೂರನೇ ಒಂದು ಭಾಗ ರೆಪ್ಪೆಯಡಿ ಮರೆಯಾಗಲಿ, ಪೂರ್ತಿ ಕಂಡರೆ ಗಾಬರಿಯ ನೋಟವಾಗುತ್ತದೆ. ದೇವರ ಮೂರ್ತಿಗಳನ್ನು ಕೆಳಗೆ ನಿಂತವರು ನೋಡಲೆಂದು ಮಾಡುತ್ತಾರೆ, ಹಾಗಾಗಿ ಅವುಗಳ ದೃಷ್ಟಿ ತುಸು ಕೆಳಗಿರುತ್ತದೆ. ಗೊಂಬೆ ಮೇಜಿನ ಮೇಲಿರುತ್ತದೋ ಗೋಡೆಯ ಎತ್ತರದ ಹಲಗೆಯ ಮೇಲಿರುತ್ತದೋ ಮೊದಲೇ ತೀರ್ಮಾನಿಸಿ, ಆ ಎತ್ತರದಲ್ಲೇ ಇಟ್ಟು ಕಣ್ಣು ಬರೆಯಿರಿ. ಒಂದು ಕಣ್ಣು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎರಡೂ ಗುಡ್ಡೆಗಳನ್ನು ಪೆನ್ಸಿಲಿನಲ್ಲಿ ಗುರುತಿಸಿ ಕನ್ನಡಿಯಲ್ಲಿ ನೋಡಿ, ನೇರ ನೋಡುವಾಗ ತಿಳಿಯದ ಮೆಳ್ಳೆಗಣ್ಣು ಕನ್ನಡಿಯಲ್ಲಿ ಕೂಡಲೇ ತಿಳಿಯುತ್ತದೆ. ಕೊನೆಗೆ ಮುಖಕ್ಕೆ ಮಂಕು ವಾರ್ನಿಷ್, ಕಣ್ಣಿಗೆ ಮಾತ್ರ ಹೊಳೆಯುವ ವಾರ್ನಿಷ್.

ಕೂದಲಿಗೆ ಚಳ್ಳಕೆರೆ ಕಡೆಯ ಕಂಬಳಿ ನೇಯುವವರ ಹತ್ತಿರ ಸಿಗುವ ಕರಿಕುರಿಯ ಉಣ್ಣೆಗಿಂತ ಒಳ್ಳೆಯದು ಬೇರೆ ಇಲ್ಲ. ಬಣ್ಣ ಹಾಕದ ಕಪ್ಪು ಅದು, ನೈಲಾನಿನ ಹೊಳಪು ಅದಕ್ಕಿಲ್ಲ. ಸಾಬೂನಿನ ಉಗುರುಬೆಚ್ಚಗಿನ ನೀರಲ್ಲಿ ಉಜ್ಜದೆ ಅದ್ದಿ ತೊಳೆಯಿರಿ, ಉಜ್ಜಿದರೆ ಗಂಟಾಗುತ್ತದೆ. ಬೈತಲೆಯ ಗೆರೆಯಿಂದ ಅಂಟಿಸದೆ, ಕತ್ತಿನ ಹಿಂಭಾಗದಿಂದ ಮೇಲಕ್ಕೆ ಸಾಲುಸಾಲಾಗಿ ಅಂಟಿಸಿ ಬನ್ನಿ.

ಉಡುಪಿಗೆ ಎಲ್ಲರ ಕಣ್ಣೂ ಮೊಳಕಾಲ್ಮೂರು ರೇಷ್ಮೆಯ ಮೇಲೆ ಹೋಗುತ್ತದೆ. ಹೋಗಬೇಕಾದ್ದೇ. ಆದರೆ ಆರಡಿ ದೂರದಿಂದ ಚಂದ ಕಾಣಲೆಂದು ನೇಯ್ದ ದೊಡ್ಡ ಅಂಚು, ದೊಡ್ಡ ಬುಟ್ಟಾ ಒಂದೂವರೆ ಅಡಿಯ ಗೊಂಬೆಯನ್ನು ನುಂಗಿಬಿಡುತ್ತದೆ. ಸಣ್ಣ ಚೌಕುಳಿ ಅಥವಾ ಸಾದಾ ಮೈ, ಒಂದೂವರೆ ಸೆಂಟಿಮೀಟರಿಗಿಂತ ಕಿರಿದಾದ ಅಂಚು ಇರುವ ತುಂಡು ಹುಡುಕಿ. ಹೊಸ ರೇಷ್ಮೆಗಿಂತ, ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಹತ್ತಿ ಸೀರೆ ಚೆನ್ನಾಗಿ ಬೀಳುತ್ತದೆ. ಬುಡದ ಸುತ್ತಳತೆ ಸುಮಾರು 57 ಸೆಂಟಿಮೀಟರ್, ತುಂಬು ನೆರಿಗೆಗೆ ಅದರ ಎರಡೂಕಾಲು ಪಟ್ಟು, ಅಂದರೆ 130 ಸೆಂಟಿಮೀಟರ್ ಬಟ್ಟೆ ಬೇಕು. ನೆರಿಗೆ ಒಂದು ಸೆಂಟಿಮೀಟರ್ ಅಗಲದ್ದು. ತೆಳು ಗಂಜಿಯಲ್ಲಿ ಅದ್ದಿ, ಪಂಜರದ ಮೇಲೇ ನೆರಿಗೆ ಹಿಡಿದು ಕ್ಲಿಪ್ಪು ಹಾಕಿ ಒಣಗಲು ಬಿಟ್ಟರೆ ಮಡಿಕೆ ನಿಲ್ಲುತ್ತದೆ. ಉಡುಪನ್ನು ಮೈಗೆ ಅಂಟಿಸಬೇಡಿ. ದಾರದ ಕಟ್ಟು, ಗುಂಡಿ ಇಟ್ಟರೆ ಬಿಚ್ಚಿ ಒಗೆಯಬಹುದು, ಬಸ್ತಿದೋರಿನ ಉದ್ದೇಶವೇ ಅದು. ಪಂಜರ ತೋರಿಸುವ ಇಚ್ಛೆಯಿದ್ದರೆ ಮುಂದಿನ ಎರಡು ದಬ್ಬೆಗಳ ನಡುವಿನ ಜಾಗ ಬಿಟ್ಟು ಸೀರೆ ಉಡಿಸಿ. ಆಗ ದಬ್ಬೆಗಳಿಗೂ ಬಿಳಿ ಲೇಪ, ಬಣ್ಣ ಬೇಕಾಗುತ್ತದೆ.

ಎಲ್ಲ ತೊಡಿಸಿದ ಮೇಲೆ ಗೊಂಬೆಯ ಹೆಗಲನ್ನು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಬುಡ ಏಳುತ್ತಿದ್ದರೆ ಭಾರ ಸಾಲದು. ಪಂಜರದ ಒಳಗೆ, ಬುಡದ ಬಿಲ್ಲೆಯ ಮೇಲೆ ಕಬ್ಬಿಣದ ಚಪ್ಪಟೆ ತುಂಡುಗಳನ್ನು ಸ್ಕ್ರೂ ಹಾಕಿ ಬಿಗಿಯಿರಿ. ಬುಡದ ತೂಕ ತಲೆ, ಎದೆ, ಕೈಗಳ ಒಟ್ಟು ತೂಕಕ್ಕಿಂತ ಕಡಿಮೆ ಇರಬಾರದು.

ಹಳೆಯದಾಗಿ ಕಾಣಿಸಲು ಬಣ್ಣ ಬಿರುಕು ಬಿಡಿಸುವುದು, ಕಾಫಿ ಡಿಕಾಕ್ಷನ್ ಬಳಿಯುವುದು ಈಗ ಹೆಚ್ಚಾಗಿದೆ. ಅಲಂಕಾರಕ್ಕೆ ಮಾಡಿದರೆ ತಪ್ಪಿಲ್ಲ. ಅದನ್ನು ಪುರಾತನ ವಸ್ತು ಎಂದು ಮಾರುವುದು ಮೋಸ. ನೂರು ವರ್ಷ ಮೀರಿದ ಇಂಥ ಕಲಾವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಹಾಗಾಗಿ ಹಳೆಯದೆಂದು ಹೇಳಿ ಮಾರುವವರಿಗೆ ಬೇರೆ ತೊಡಕೂ ಕಾದಿರುತ್ತದೆ. ಬುಡದ ಅಡಿಯಲ್ಲಿ ಮಾಡಿದವರ ಹೆಸರು, ಇಸವಿ, ಊರು, ಜೊತೆಗೆ ‘ಮೈಲುತುತ್ತು ಬಳಸಿದೆ, ಮಕ್ಕಳ ಆಟಿಕೆ ಅಲ್ಲ’ ಎಂದೂ ಅಳಿಸದ ಇಂಕಿನಲ್ಲಿ ಬರೆಯಿರಿ.

ಸಾಗಿಸುವಾಗ ತಲೆ ಕಳಚಿ ಬೇರೆ ಸುತ್ತಿ, ಕೈಗಳನ್ನು ಮೈಗೆ ಒತ್ತಿ ಬಟ್ಟೆ ಕಟ್ಟಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಬೇಡಿ, ಹತ್ತಿ ಬಟ್ಟೆ ಹೊದಿಸಿ ಗಾಳಿಯಾಡುವ ಕಡೆ ಇಡಿ. ಉಣ್ಣೆಗೆ ನುಸಿ ಹತ್ತದಂತೆ ಪಂಜರದೊಳಗೆ ಒಣ ಬೇವಿನ ಸೊಪ್ಪಿನ ಪೊಟ್ಟಣ ಕಟ್ಟಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಕತ್ತಿನ ಹತ್ತಿರ ಕೂದಲೆಳೆಯ ಬಿರುಕು ಕಂಡರೆ ಬಣ್ಣದಿಂದ ಮುಚ್ಚಬಾರದು. ಬಿರುಕನ್ನು ಚಾಕುವಿನ ಮೊನೆಯಿಂದ ಸ್ವಲ್ಪ ಅಗಲ ಮಾಡಿ, ಮೊದಲಿನದೇ ಹದದ ಬಿಳಿ ಲೇಪ ತುಂಬಿಸಿ, ಒಣಗಿದ ಮೇಲೆ 400ರ ಎಮರಿಯಲ್ಲಿ ಉಜ್ಜಿ ಬಣ್ಣ ಹಚ್ಚಿ. ಬಣ್ಣ ಕಲಸಿದಾಗಲೇ ಸಣ್ಣ ಡಬ್ಬಿಯಲ್ಲಿ ಒಂದಿಷ್ಟು ತೆಗೆದಿಟ್ಟಿದ್ದರೆ ಆ ತೇಪೆ ಯಾರಿಗೂ ಕಾಣುವುದಿಲ್ಲ.